ತಾಮ್ರಕೇಶನ ಸಭೆಯಲ್ಲಿ ಹಾಡಿದ ಚೆನ್ನಾಜಿ

ಬಹಳ ಬಹಳ ಹಿಂದೆ, ನದಿಗಳಿಗೆ ಜನ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಹವಳಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಪಟ್ಟಣದಲ್ಲಿ ಚೆನ್ನಾಜಿ ಎಂಬ ಹಾಡುಗಾರ್ತಿ ಇದ್ದಳು. ಹಾಡುವುದೇ ಅವಳ ಕಸುಬು. ಮದುವೆಗೆ ಕರೆದರೆ ಸೋಬಾನೆ ಹಾಡುತ್ತಿದ್ದಳು. ತೊಟ್ಟಿಲಿಗೆ ಕರೆದರೆ ಜೋಗುಳ ಹಾಡುತ್ತಿದ್ದಳು. ಸಾವಿನ ಮನೆಗೆ ಕರೆದರೆ ಸತ್ತವರ ಗುಣ ಎತ್ತಿ ಹಾಡುತ್ತಿದ್ದಳು. ಯಾವ ಮನೆಗೆ ಯಾವ ಹಾಡು ಎಂಬುದು ಹೊಸ್ತಿಲು ದಾಟುವಷ್ಟರಲ್ಲಿ ಅವಳಿಗೆ ತಿಳಿದುಬಿಡುತ್ತಿತ್ತು.

ಆದರೆ "ಹಾಡುವವಳು ಬಂದಳೇ?" ಎಂದು ಕೇಳುತ್ತಿದ್ದರೇ ಹೊರತು, "ಚೆನ್ನಾಜಿ ಬಂದಳೇ?" ಎಂದು ಯಾರೂ ಕೇಳುತ್ತಿರಲಿಲ್ಲ. ಚಪ್ಪರದ ಮೂಲೆಯ ಕಂಬದ ಹತ್ತಿರ ಅವಳಿಗೊಂದು ಚಾಪೆ. ಅವಳು ಹಾಡುವಾಗ ಹೆಂಗಸರು ಓಲೆ ಬಳೆಗಳ ಮಾತಾಡುತ್ತಿದ್ದರು, ಗಂಡಸರು ಎತ್ತುಗಳ ಮಾತಾಡುತ್ತಿದ್ದರು. ಹಾಡು ನಿಂತರೆ ಮಾತ್ರ ಎಲ್ಲರೂ ತಿರುಗಿ ನೋಡಿ, "ಯಾಕಮ್ಮಾ ನಿಲ್ಲಿಸಿದೆ?" ಎನ್ನುತ್ತಿದ್ದರು. ಕೊನೆಯ ಪಂಕ್ತಿಯಲ್ಲಿ ಉಂಡು, ತಂಬೂರಿಯನ್ನು ಹೆಗಲಿಗೇರಿಸಿ ಅವಳು ಮನೆಗೆ ಹೋಗುತ್ತಿದ್ದಳು.

ಮನೆಯೆಂದರೆ ಗಾಣಿಗರ ಮನೆಯ ಮೇಲಿನ ಒಂದು ಕೋಣೆ. ಹಾಡು ಕಲಿಸಿದ ತಾಯಿ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಒಡಹುಟ್ಟಿದವರು ಇರಲಿಲ್ಲ. ಗಂಟಲು ಕೆಡದಿರಲೆಂದು ಮೆಣಸು ಬೆಲ್ಲ ಕುದಿಸಿ ಕುಡಿದು ಅವಳು ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಿದ್ದಳು. ಕರೆ ಬಾರದಿದ್ದರೆ ನಾಲ್ಕೈದು ದಿನ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಮಾತಾಡಲು ಯಾರಿದ್ದರು?

ಒಮ್ಮೆ ಧೈರ್ಯ ಮಾಡಿ ಅರಮನೆಯ ಬಾಗಿಲಿಗೆ ಹೋಗಿ, "ನನಗೂ ಒಂದು ದಿನ ಆಸ್ಥಾನದಲ್ಲಿ ಹಾಡಲು ಬಿಡಿ" ಎಂದು ಕೇಳಿದ್ದಳು. ಬಾಗಿಲು ಕಾಯುವವನು, "ಒಳಗೆ ಹನ್ನೆರಡು ಮಂದಿ ಗಾಯಕರಿದ್ದಾರೆ. ಬೇಕಾದರೆ ಹೇಳಿ ಕಳಿಸುತ್ತೇವೆ" ಎಂದಿದ್ದ. ಅದಾಗಿ ಆರು ವರ್ಷ ಕಳೆದಿತ್ತು.

ಆ ರಾಜ್ಯವನ್ನು ಬಹುಕಾಲದಿಂದ ಒಂದು ಕೇಡು ಕಾಡುತ್ತಿತ್ತು. ಉತ್ತರದ ಬೆಟ್ಟದ ಮೇಲೆ ತಾಮ್ರಕೇಶ ಎಂಬ ಮಾಂತ್ರಿಕನಿದ್ದ. ಅವನ ತಲೆಗೂದಲು ಕಾಸಿದ ತಾಮ್ರದ ತಂತಿಯಂತೆ ಹೊಳೆಯುತ್ತಿತ್ತು. ಅವನ ಬಳಿ ಆನೆಯಷ್ಟು ದೊಡ್ಡ ಹದ್ದೊಂದಿತ್ತು. ಅದು ತಿಂಗಳಿಗೊಮ್ಮೆ ಹಾರಿಬಂದು ಸಿಕ್ಕವರನ್ನು ಎತ್ತಿಕೊಂಡು ಹೋಗುತ್ತಿತ್ತು. ಹೋದವರು ಮರಳುತ್ತಿರಲಿಲ್ಲ. ಒಂದು ತಿಂಗಳು ಹದ್ದು ಬಂದು ರಾಜನ ಒಬ್ಬಳೇ ಮಗಳು ರತ್ನಾಜಿಯನ್ನು ಅರಮನೆಯ ಅಂಗಳದಿಂದಲೇ ಎತ್ತಿಕೊಂಡು ಹೋಯಿತು.

ರಾಜ ಮಲ್ಲಿದೇವ ಸೈನ್ಯ ಕಳಿಸಿದ. ಬೆಟ್ಟದ ದಾರಿ ಕಾಯುವ ಮಾಯಾಮೃಗಗಳಿಗೆ ಕತ್ತಿ ತಾಗಲಿಲ್ಲ, ಬಾಣ ನಾಟಲಿಲ್ಲ. ಹಾಡಿಗೆ ಮಾತ್ರ ಅವು ದಾರಿ ಬಿಡುತ್ತವೆಂದು ಜೋಯಿಸರು ಹೇಳಿದರು. ಆಸ್ಥಾನದ ಹನ್ನೆರಡು ಗಾಯಕರೂ ಒಬ್ಬರ ಹಿಂದೊಬ್ಬರು ಹೋದರು. ಹನ್ನೆರಡು ಮಂದಿಯೂ ಮರಳಲಿಲ್ಲ.

ಆಗ ಮಂತ್ರಿ ಬಾಚರಸ ಗಾಣಿಗರ ಮನೆಯ ಮೆಟ್ಟಿಲು ಹತ್ತಿ ಬಂದ.

"ಮದುವೆ ಮನೆಗಳಲ್ಲಿ ಹಾಡುವವಳು ನೀನೇ ಏನಮ್ಮಾ?"

"ಹೌದು ಸ್ವಾಮಿ."

"ಅರಮನೆಯಿಂದ ಕರೆ ಬಂದಿದೆ."

"ಆರು ವರ್ಷದಿಂದ ಕಾಯುತ್ತಿದ್ದೆ" ಎಂದಳು ಚೆನ್ನಾಜಿ. "ಈಗ ಯಾಕೆ ನೆನಪಾಯಿತು?"

ಬಾಚರಸ ಸುಳ್ಳು ಹೇಳುವವನಲ್ಲ. "ಉಳಿದಿರುವವಳು ನೀನೊಬ್ಬಳೇ ತಾಯಿ" ಎಂದ.

ಚೆನ್ನಾಜಿಗೆ ನಗುವೂ ಬಂತು, ಸಂಕಟವೂ ಆಯಿತು. ತಾನು ಹೋಗಿ ಬಾರದಿದ್ದರೆ ಅಳುವವರು ಯಾರೂ ಇಲ್ಲವಲ್ಲ ಎಂದು ಯೋಚಿಸಿದಳು. ಅಂಥವಳಿಗೆ ಹೊರಡುವುದು ಸುಲಭ. ಬುತ್ತಿ ಕಟ್ಟಿಕೊಂಡು ಮರುದಿನ ಬೆಳಿಗ್ಗೆ ಉತ್ತರದ ದಾರಿ ಹಿಡಿದಳು.

ಮೂರು ದಿನ ನಡೆದ ಮೇಲೆ ಒಂದು ಹೊಳೆ ಅಡ್ಡ ಬಂತು. ದಡದ ಮರಳಿನ ಮೇಲೆ ಬೆಳ್ಳಿಯ ಬೆನ್ನಿನ ಮೊಸಳೆಯೊಂದು ಮಲಗಿತ್ತು. ಅದು ಬಾಯಿ ತೆರೆದು ಕೇಳಿತು:

"ಯಾರು ನೀನು?"

"ಹಾಡುವವಳು."

"ಹಾಗಾದರೆ ಹಾಡು. ಹಿಡಿಸಿದರೆ ದಾರಿ, ಹಿಡಿಸದಿದ್ದರೆ ಹದ್ದು."

ಆಸ್ಥಾನದ ಗಾಯಕರು ಇಲ್ಲಿ ಹೊಳೆಯನ್ನು ಹೊಗಳಿ ಹಾಡಿದ್ದರು, ಮೊಸಳೆಯ ಹಲ್ಲನ್ನು ಮುತ್ತಿಗೆ ಹೋಲಿಸಿ ಹಾಡಿದ್ದರು. ಚೆನ್ನಾಜಿ ಹಾಡುವ ಮೊದಲು ಸುತ್ತ ನೋಡಿದಳು. ಮೊಸಳೆ ಮಲಗಿದ್ದ ಕಡೆ ಮರಳು ಉಬ್ಬಿತ್ತು. ಅದರ ಕೆಳಗೆ ಮೊಟ್ಟೆಗಳಿದ್ದವು. ಇದು ಬಾಣಂತಿಯ ಮನೆ ಎಂದು ಅವಳಿಗೆ ತಿಳಿಯಿತು. ಕೂತು ಮೆಲ್ಲಗೆ ಹಾಡಿದಳು:

"ಬಾರೋ ಬಾರೋ ಕಂದ, ನೀರು ಬೆಚ್ಚಗೈತೆ,
ಹೊರಗಿನ ಬಿಸಿಲು ನಿನ್ನ ಹಾದಿ ನೋಡುತೈತೆ."

ಮರಳು ಅಲುಗಿತು. ಹೆಬ್ಬೆರಳಿನಷ್ಟು ಮರಿಗಳು ಒಂದೊಂದಾಗಿ ಹೊರಬಂದು ತಾಯಿಯ ಮೂತಿ ಹತ್ತಿದವು.

"ನೂರು ವರ್ಷದಿಂದ ಕಾವು ಕೊಡುತ್ತಿದ್ದೆ" ಎಂದಿತು ಮೊಸಳೆ. "ಬಾ ಮಗಳೇ, ಬೆನ್ನ ಮೇಲೆ ಕೂರು." ಅವಳು ಹೊಳೆ ದಾಟಿದಳು.

ಮತ್ತೆ ಮೂರು ದಿನ ನಡೆದ ಮೇಲೆ ಒಂದು ಕಾಡು ಬಂತು. ಕಾಡಿನ ನಡುವೆ ಬೆಂಕಿಯ ಹುಲಿಯೊಂದು ದಾರಿಗೆ ಅಡ್ಡವಾಗಿ ನಿಂತಿತ್ತು. ಅದರ ಪಟ್ಟೆಗಳು ಉರಿಯುತ್ತಿದ್ದವು.

"ಯಾರು ನೀನು?"

"ಹಾಡುವವಳು."

"ಹಾಗಾದರೆ ಹಾಡು. ಹಿಡಿಸಿದರೆ ದಾರಿ, ಹಿಡಿಸದಿದ್ದರೆ ಹದ್ದು."

ಚೆನ್ನಾಜಿ ಸುತ್ತ ನೋಡಿದಳು. ಹುಲಿಯ ಹಿಂದೆ ಎಲೆ ಮುಚ್ಚಿದ ಒಂದು ಗುಡ್ಡೆಯಿತ್ತು. ಹುಲಿ ಮಾತಿಗೊಮ್ಮೆ ಅತ್ತ ತಿರುಗುತ್ತಿತ್ತು. "ಅಲ್ಲಿ ಮಲಗಿರುವವರು ಯಾರು?" ಎಂದು ಅವಳು ಕೇಳಿದಳು.

"ನನ್ನ ಜೊತೆಗಾತಿ" ಎಂದಿತು ಹುಲಿ. "ಈವರೆಗೆ ಯಾರೂ ಕೇಳಿರಲಿಲ್ಲ."

"ಹೇಗಿದ್ದಳು ಹೇಳು. ಹೇಳದಿದ್ದರೆ ನಾನು ಹೇಗೆ ಹಾಡಲಿ?"

ಹುಲಿ ಹೇಳುತ್ತಾ ಹೋಯಿತು. ಅವಳು ನೀರಿಗೆ ಹೆದರುತ್ತಿದ್ದಳಂತೆ. ಬೇಟೆ ತಪ್ಪಿದರೆ ಮೂರು ದಿನ ಮುನಿಸಿಕೊಂಡಿರುತ್ತಿದ್ದಳಂತೆ. ಚೆನ್ನಾಜಿ ಆ ಮಾತುಗಳನ್ನೇ ಎತ್ತಿ ಹಾಡು ಕಟ್ಟಿದಳು. ಕೂಲಿಗೆ ಎಷ್ಟೋ ಸಾವುಗಳಲ್ಲಿ ಹಾಡಿದ್ದವಳು, ಅಂದು ಹಾಡುವಾಗ ತನ್ನ ತಾಯಿಯನ್ನು ನೆನೆದು ಅತ್ತಳು. ಹುಲಿಯೂ ಅತ್ತಿತು. ಕಣ್ಣೀರು ಬಿದ್ದಲ್ಲೆಲ್ಲ ಬೆಂಕಿ ಆರಿ, ಅದು ಸಾಧಾರಣ ಹುಲಿಯಾಯಿತು.

"ನಿನಗೊಂದು ಗುಟ್ಟು ಹೇಳುತ್ತೇನೆ" ಎಂದಿತು ಅದು. "ತಾಮ್ರಕೇಶನ ಸಭೆಯಲ್ಲಿ ಸಾವಿರ ಜನ ಕೂತಿದ್ದಾರೆ. ಎಲ್ಲರಿಗೂ ಕಿವಿಯಿದೆ, ಯಾರಿಗೂ ಕೇಳಿಸದು. ಅವರಲ್ಲಿ ಒಬ್ಬರು ನಿಜವಾಗಿ ಕೇಳಿಸಿಕೊಂಡರೂ ಅವನ ಮಂತ್ರ ಮುರಿಯುತ್ತದೆ. ಮೃಗಗಳ ಮುಂದೆ ಸೋಲದವರನ್ನು ಅವನು ಕಟ್ಟಿಹಾಕಲಾರ. ಆದರೆ ನೀನಾಗಿ ಉಳಿಯುತ್ತೇನೆ ಎಂದರೆ ಮುಗಿಯಿತು."

ಮತ್ತೆ ಮೂರು ದಿನ ಹತ್ತಿ ಅವಳು ಬೆಟ್ಟದ ತುದಿ ಸೇರಿದಳು. ಅಲ್ಲಿ ಸಾವಿರ ಕಂಬದ ಸಭೆ. ಒಂದೊಂದು ಕಂಬಕ್ಕೂ ಒಬ್ಬೊಬ್ಬರು ಒರಗಿ ಕೂತಿದ್ದರು. ರಾಜಕುಮಾರಿ ರತ್ನಾಜಿ ಮುಂದಿನ ಸಾಲಿನಲ್ಲಿದ್ದಳು. ಆಸ್ಥಾನದ ಹನ್ನೆರಡು ಗಾಯಕರೂ ಇದ್ದರು. ಎಲ್ಲರ ಮುಖದಲ್ಲೂ ಒಂದೇ ನಗು.

ತಾಮ್ರಕೇಶ ಎತ್ತರದ ಪೀಠದ ಮೇಲೆ ಕೂತು ಹಾಡುತ್ತಿದ್ದ. ಎಣ್ಣೆಯಿಲ್ಲದ ಗಾಡಿಯ ಅಚ್ಚಿನಂತಿತ್ತು ಅವನ ದನಿ. ಹಾಡು ಮುಗಿದದ್ದೇ ಸಾವಿರ ಜನ ಚಪ್ಪಾಳೆ ತಟ್ಟಿದರು.

"ಹೇಗಿತ್ತು?" ಎಂದು ಅವನು ಚೆನ್ನಾಜಿಯನ್ನು ಕೇಳಿದ.

ದೊಡ್ಡ ಮನೆಗಳಲ್ಲಿ ಯಜಮಾನರು ಹಾಡಿದಾಗ ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು. "ಚೆನ್ನಾಗಿತ್ತು" ಎಂದಳು.

ತಾಮ್ರಕೇಶ ಹಿಗ್ಗಿದ. "ನೀನೂ ಹಾಡು. ಈ ಸಾವಿರ ಜನ ನಿನ್ನವರೆಂದೇ ತಿಳಿ. ಇಲ್ಲಿ ಯಾರೂ ಎದ್ದು ಹೋಗುವುದಿಲ್ಲ, ನಡುವೆ ಮಾತಾಡುವುದಿಲ್ಲ. ಇಷ್ಟವಾದರೆ ಇಲ್ಲೇ ಇದ್ದುಬಿಡು. ಒಂಟಿ ಎನ್ನುವ ಮಾತೇ ನಿನಗೆ ಮರೆತುಹೋಗುತ್ತದೆ."

ಚೆನ್ನಾಜಿ ಹಾಡಿದಳು. ಸಾವಿರ ಮುಖಗಳು ಅವಳತ್ತ ತಿರುಗಿದವು. ಸಾವಿರ ಜೊತೆ ಕೈಗಳು ತಟ್ಟಿದವು. ಮೂಲೆಯ ಚಾಪೆಯಲ್ಲಿ ಜೀವನ ಕಳೆದವಳ ಎದೆ ತುಂಬಿ ಬಂತು. ಇವರಿಗೆ ಕೇಳಿಸದೆಂದು ಗೊತ್ತಿದ್ದೂ ಮರುದಿನ ಮತ್ತೆ ಹಾಡಿದಳು. ಮೂರನೆಯ ದಿನ ಬೆಳಿಗ್ಗೆ ಪೀಠದ ಮೆಟ್ಟಿಲ ಮೇಲೆ ಕೂತು, "ಇಲ್ಲೇ ಇದ್ದರೆ ಏನು? ಅಲ್ಲಿ ನನಗೆ ಯಾರಿದ್ದಾರೆ?" ಎಂದು ತನಗೆ ತಾನೇ ಹೇಳಿಕೊಂಡಳು. ಇಂದಿನ ಹಾಡು ಮುಗಿದ ಮೇಲೆ ತಾಮ್ರಕೇಶನಿಗೆ ಹಾಗೆಯೇ ಹೇಳಿಬಿಡುವುದೆಂದು ನಿಶ್ಚಯಿಸಿದಳು.

ಆದರೆ ದಣಿದ ಗಂಟಲು ಅಂದು ಹಾಡಿನ ನಡುವೆ ಜಾರಿತು. ಸ್ವರ ತೀರಾ ತಪ್ಪಿತು. ನಾಚಿಕೆಯಿಂದ ಅವಳು ಕಣ್ಣು ಮುಚ್ಚಿದಳು. ಚಪ್ಪಾಳೆ ನಿನ್ನೆಯಷ್ಟೇ ಜೋರಾಗಿ ಬಂತು, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಾಣಿಗರ ಮನೆಯ ಕೋಣೆಯಲ್ಲೂ ಅವಳಿಗೆ ಇಷ್ಟು ಒಂಟಿ ಎನಿಸಿರಲಿಲ್ಲ.

ಅವಳು ಬೇಕೆಂದೇ ಇನ್ನೊಮ್ಮೆ ಸ್ವರ ತಪ್ಪಿಸಿ ಒಂದೊಂದೇ ಮುಖ ನೋಡುತ್ತಾ ಹೋದಳು. ಮೂರನೆಯ ಸಾಲಿನಲ್ಲಿ ಒಬ್ಬನ ಹುಬ್ಬು ಗಂಟಿಕ್ಕಿತು. ಮತ್ತೆ ತಪ್ಪಿಸಿದಳು, ಮತ್ತೆ ಗಂಟಿಕ್ಕಿತು. ಅವನು ಸಿಂಗಣನೆಂಬ ನೇಕಾರ. ಮಗ್ಗದಲ್ಲಿ ಒಂದು ಎಳೆ ತಪ್ಪಿದರೂ ಅದರ ಸದ್ದಿನಿಂದಲೇ ಹಿಡಿಯುತ್ತಿದ್ದ ಅವನ ಕಿವಿ ಏಳು ವರ್ಷದ ಮಂತ್ರದಲ್ಲೂ ಪೂರ್ತಿ ಸತ್ತಿರಲಿಲ್ಲ.

ಚೆನ್ನಾಜಿ ಪೀಠದಿಂದ ಇಳಿದು ಅವನ ಎದುರು ನೆಲದ ಮೇಲೆ ಕೂತಳು. ಸೋಬಾನೆಯಲ್ಲ, ಜೋಗುಳವಲ್ಲ, ಯಾರೂ ಕಾಸು ಕೊಟ್ಟು ಹಾಡಿಸದ ಹಾಡೊಂದು ಅವಳಲ್ಲಿತ್ತು. ಒಬ್ಬಳೇ ನಡೆಯುವಾಗ ತನಗಾಗಿ ಕಟ್ಟಿದ್ದು. ಅದನ್ನು ಹಾಡಿದಳು:

"ಹಾಡಿ ಬಂದೆನು ನಾನು ಹತ್ತೂರ ಚಪ್ಪರದಾಗ
ಕೂಡಿ ಬಾರೆಂದು ಕರೆದೋರ ಕಾಣೆನಲ್ಲ
ಜೋಡಿಗೆ ನನ್ನ ನೆಳಲೊಂದ."

ಸಿಂಗಣನ ಮುಖದ ಮೇಲಿನ ನಗು ಅಳಿಸಿತು. ಕಣ್ಣಿನಿಂದ ನೀರು ಇಳಿಯಿತು.

"ಇನ್ನೊಮ್ಮೆ ಹಾಡುತ್ತೀರಾ?" ಎಂದ ಅವನು.

ಅಷ್ಟೇ. ಸಾವಿರ ಕಂಬಗಳಲ್ಲಿ ಸಾವಿರ ಬಿರುಕು ಮೂಡಿದವು. ಜನ ತಮ್ಮ ಕೆಂಪಾದ ಅಂಗೈ ನೋಡಿಕೊಂಡರು. ರತ್ನಾಜಿ ನೀರು ಕೇಳಿದಳು. ಆನೆಯಷ್ಟು ದೊಡ್ಡ ಹದ್ದು ಗುಬ್ಬಿಯಷ್ಟಾಗಿ ಹಾರಿಹೋಯಿತು. ತಾಮ್ರಕೇಶನ ಕೂದಲು ನರೆತುಹೋಯಿತು. ಪೀಠದ ಮೇಲೆ ಬಡಕಲು ಮುದುಕನೊಬ್ಬ ಕೂತಿದ್ದ.

ಜನರೆಲ್ಲ ಕಲ್ಲು ಹುಡುಕತೊಡಗಿದರು. ಚೆನ್ನಾಜಿ ಅವರನ್ನು ತಡೆದು ಅವನ ಬಳಿಗೆ ಹೋದಳು.

"ಅಂದು ನಾನು ಸುಳ್ಳು ಹೇಳಿದೆ ಅಜ್ಜ. ನಿನ್ನ ಹಾಡು ಶ್ರುತಿಗೆ ಸೇರುತ್ತಿರಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಗಂಟಲು ಹಿಸುಕುತ್ತಿದ್ದೆ."

ಮುದುಕ ಪೀಠದಿಂದ ಕೆಳಗಿಳಿದ. "ಚಿಕ್ಕವನಿದ್ದಾಗ ನಾನು ಹಾಡಿದರೆ ಜನ ಎದ್ದು ಹೋಗುತ್ತಿದ್ದರು" ಎಂದ. "ಅದಕ್ಕೇ ಮಂತ್ರ ಕಲಿತೆ. ಮುನ್ನೂರು ವರ್ಷದಲ್ಲಿ ನನ್ನ ಹಾಡನ್ನು ಕೇಳಿಸಿಕೊಂಡವಳು ನೀನೊಬ್ಬಳೇ."

ಅವನು ಬೆಟ್ಟದ ಆಚೆ ಇಳಿದುಹೋದ. ಅಲ್ಲಿ ಆಡು ಕಾಯುತ್ತಾ ಉಳಿದನೆಂದು, ಆಮೇಲೆ ಯಾರಿಗೂ ಕೇಡು ಮಾಡಲಿಲ್ಲವೆಂದು ಹೇಳುತ್ತಾರೆ.

ಸಾವಿರ ಜನರೂ ಹವಳಗಿರಿಗೆ ಇಳಿದರು. ಊರಂಚಿನಲ್ಲಿ ತಾಯಂದಿರು, ಮಕ್ಕಳು, ಗಂಡ ಹೆಂಡಿರು ಓಡಿಬಂದು ತಮ್ಮವರನ್ನು ತಬ್ಬಿಕೊಂಡರು. ರಾಜ ಬರಿಗಾಲಲ್ಲಿ ಬಂದು ಮಗಳನ್ನು ಕರೆದುಕೊಂಡ. ಕೊನೆಗೆ ದಾರಿಯಲ್ಲಿ ಇಬ್ಬರೇ ಉಳಿದರು, ಚೆನ್ನಾಜಿ ಮತ್ತು ಸಿಂಗಣ.

"ನಿಮ್ಮವರು ಯಾರೂ ಬರಲಿಲ್ಲವೇ?" ಎಂದು ಅವಳು ಕೇಳಿದಳು.

"ನಾನು ಕಾಣೆಯಾದದ್ದು ಯಾರಿಗೂ ತಿಳಿದಿರಲಿಕ್ಕಿಲ್ಲ" ಎಂದ ಸಿಂಗಣ. ಆಮೇಲೆ ಕೇಳಿದ: "ನಾಳೆ ಎಲ್ಲಿ ಹಾಡುತ್ತೀರಿ?"

"ಕುಂಬಾರರ ಮನೆಯಲ್ಲಿ ತೊಟ್ಟಿಲಿದೆ, ನಾನು ಹೊರಡುವ ಮೊದಲೇ ಹೇಳಿಟ್ಟಿದ್ದರು. ಹೋಗಬೇಕು."

"ನಾನೂ ಬರಬಹುದೇ? ಕೇಳುವುದಕ್ಕೆ."

ಚೆನ್ನಾಜಿ ಬನ್ನಿ ಎಂದಳು.

ರಾಜ ಅವಳನ್ನು ಆಸ್ಥಾನಕ್ಕೆ ಕರೆದ. ಅವಳು ಹಬ್ಬದ ದಿನ ಅರಮನೆಯಲ್ಲಿ ಹಾಡಿದಳು, ಉಳಿದ ದಿನ ಊರ ಮನೆಗಳಲ್ಲಿ ಹಾಡಿದಳು. ವರ್ಷ ತಿರುಗುವಷ್ಟರಲ್ಲಿ ಅವಳಿಗೂ ಸಿಂಗಣನಿಗೂ ಮದುವೆಯಾಯಿತು. ಆ ಮದುವೆಗೆ ಹಾಡಲು ಊರಿನವರೆಲ್ಲ ಬಂದಿದ್ದರು. ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಮದುಮಗಳು ಕೊನೆಯ ಸಾಲಿನವರೆಗೂ ತಲೆಯೆತ್ತಿ ಕೇಳಿಸಿಕೊಂಡಳು. ಹವಳಗಿರಿಯ ಜನ ಅಂದಿನಿಂದ ಬಹುಕಾಲ ನೆಮ್ಮದಿಯಾಗಿ ಬಾಳಿದರು.