ನಾನೂರ ಹದಿನೇಳನೆಯ ಕೊಕ್ಕೆ

೧೯೬೧ರ ಫೆಬ್ರವರಿ ೧೪, ಮಂಗಳವಾರ. ಬೆಳಿಗ್ಗೆ ೯-೨೦ಕ್ಕೆ ಚಿನ್ನದ ಗಣಿಯ ಊರಾದ ಉರಿಗಾಂನ ಠಾಣೆಗೆ ಬಂದ ದೂರು ಇಷ್ಟೇ: ಒಂದು ಚಿತ್ರಕ್ಕೆ ಅಂಟಿಸಿದ್ದ ಹಿತ್ತಾಳೆ ಬಿಲ್ಲೆಯನ್ನು ಯಾರೋ ಕಿತ್ತಿದ್ದಾರೆ.

ದೂರು ಕೊಟ್ಟವರು ತುರ್ಕಿಯ ನೆರ್ಮಿನ್. ಅಮೂರ್ತ ಚಿತ್ರಗಳನ್ನು ತಮ್ಮ ದೇಶದಲ್ಲಿ ಮೊದಲು ಬರೆದವರಲ್ಲಿ ಒಬ್ಬರು. ಇಸ್ತಾಂಬುಲಿನ ಕಲಾಶಾಲೆಯಲ್ಲಿ ಅಧ್ಯಾಪಕಿ. ಗಣಿ ಎಂಜಿನಿಯರಾಗಿದ್ದ ಅಳಿಯನ ಬಂಗಲೆಗೆ ಬಂದು ಆರು ತಿಂಗಳಾಗಿತ್ತು. ಶನಿವಾರ ಚಿತ್ರದೊಂದಿಗೆ ಹಡಗು ಹತ್ತುವವರಿದ್ದರು.

ಇನ್ಸ್‌ಪೆಕ್ಟರ್ ವೆಂಕಟರಾಯಪ್ಪ ಎಫ್‌ಐಆರ್ ದಾಖಲಿಸಿ, ೧೦-೩೦ಕ್ಕೆ ಬಂಗಲೆಯಲ್ಲಿ ಪಂಚನಾಮೆ ಮಾಡಿದರು. ಚಿತ್ರದಲ್ಲಿ ಮನುಷ್ಯರಿಲ್ಲ, ಮರವಿಲ್ಲ. ಕಪ್ಪಿನ ಮೇಲೆ ಕಪ್ಪು, ನಡುವೆ ನೀಲಿ. ನೀಲಿಯಲ್ಲಿ ಬಿಲ್ಲೆಯಗಲದ ಗಾಯ.

“ಇದೇನ್ ಚಿತ್ರ ಸಾರ್?” ಕಾನ್‌ಸ್ಟೇಬಲ್ ಕದಿರಪ್ಪ ಪಿಸುಗುಟ್ಟಿದ.

“ನಂಗೇನ್ ಗೊತ್ತಲಾ? ಬರ್ಕೋ.”

ಬಿಲ್ಲೆ ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯದು, ಅದರ ಮೇಲೆ ೪೧೭ ಎಂದಿತ್ತು ಎಂದು ನೆರ್ಮಿನ್ ಇಂಗ್ಲಿಷಿನಲ್ಲಿ ಹೇಳಿದರು. ಕೆಲಸದ ಪಾಪಕ್ಕ ಕಾಫಿ ತಂದಳು. ಬಿಸಿಲಲ್ಲಿ ನಿಂತಿದ್ದ ಪಂಚರನ್ನೂ ಮರೆಯಲಿಲ್ಲ. ಅವಳ ಮುಂಗೈಯಲ್ಲಿ ಬಳೆಯಿರಲಿಲ್ಲ. ಬಳೆಯ ಗುರುತು ಹಸಿಯಾಗಿತ್ತು. ಕದಿರಪ್ಪ ಅದನ್ನು ಗಮನಿಸಿದ.

ಗಣಿಗೆ ಇಳಿಯುವವರು ಟೈಂ ಆಫೀಸಿನ ಹಲಗೆಯಿಂದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಒಯ್ಯುತ್ತಾರೆ; ಮೇಲೆ ಬಂದು ಅದೇ ಕೊಕ್ಕೆಗೆ ತಗುಲಿಸುತ್ತಾರೆ. ಕೊಕ್ಕೆ ಖಾಲಿಯಿದ್ದರೆ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ೧೨-೧೫ಕ್ಕೆ ಇನ್ಸ್‌ಪೆಕ್ಟರ್ ಅಲ್ಲಿಗೆ ಹೋಗಿ ನೋಡಿದಾಗ ೪೧೭ನೆಯ ಕೊಕ್ಕೆಯಲ್ಲಿ ಬಿಲ್ಲೆ ತೂಗುತ್ತಿತ್ತು. ಅದರ ಬೆನ್ನಿಗೆ ಚಿತ್ರದ ನೀಲಿ ಬಣ್ಣ.

“ಕೋದಂಡಪ್ಪಂದು ಸಾರ್,” ಎಂದ ಗುಮಾಸ್ತ ರಾಮಚಂದ್ರಪ್ಪ. “ಐವತ್ತೆಂಟರಲ್ಲಿ ಬಂಡೆ ಕುಸೀತು. ಹೆಣ ಸಿಗ್ಲಿಲ್ಲ. ಹೋದ್ ವರ್ಷ ಆ ಕಲ್ಲುಮಣ್ಣು ಮೇಲೆ ಬಂತು, ಬಿಲ್ಲೆ ಅದ್ರಲ್ಲಿದ್ದು ಗುಜರಿಗೆ ಹೋಗಿರ್‌ಬೇಕು.”

“ಇಲ್ಲಿ ಯಾರು ಬಂದಿದ್ರು?”

“ಬೆಳಿಗ್ಗೆ ಅವ್ನ ಹೆಂಡ್ತಿ. ಹಲಗೆ ಮುಂದೆ ಅಳ್ತಿದ್ಳು. ನಾನು ಆ ಕಡೆ ತಿರುಗ್ಕೊಂಡೆ.”

“ಹೆಸರು?”

“ಪಾಪಕ್ಕ.”

ಕದಿರಪ್ಪ ಬಳೆಯ ಮಾತು ಆಗ ಹೇಳಿದ.

“ನೀನೇನಾ ಕಿತ್ತಿದ್ದು?” ಬಂಗಲೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು.

“ಊಂ ಸಾಮಿ. ಧೂಳು ಒರಸ್ವಾಗ ನಂಬರ್ ಕಾಣ್ತು.”

“ಕೇಳಿದ್ರೆ ಮೇಡಂ ಕೊಡ್ತಿದ್ರು.”

“ಏನಂತ ಕೇಳ್ಲಿ? ಅವ್ರ ಮಾತು ನಂಗ್ ಬರಲ್ಲ. ಶನಿವಾರ ನಮ್ಮೋನು ಸಮುದ್ರದಾಚೆ ಓಗ್ಬಿಡ್ತಿದ್ದ. ಮೂರ್ ವರ್ಸದಿಂದ ಅವನ ಕಾರ್ಯ ಮಾಡಕ್ಕೆ ನಾನ್ ಬಿಟ್ಟಿಲ್ಲ. ಕೊಕ್ಕೆ ಖಾಲಿ ಐತಲ್ಲ, ಕೆಳಗವ್ನೆ ಅಂತ.”

“ಈಗ?”

“ಮೇಲ್ ಬಂದ. ಬಳೆ ತೆಗ್ದೆ.”

ವೆಂಕಟರಾಯಪ್ಪ ಇದನ್ನು ಇಂಗ್ಲಿಷಿಗೆ ತಿರುಗಿಸಿದರು. ನೆರ್ಮಿನ್ ದೂರು ವಾಪಸ್ ಪಡೆಯುತ್ತೇನೆಂದರು. ಎಫ್‌ಐಆರ್ ಆಗಿಹೋಗಿದೆ, ಇನ್ನು ಅದು ಕೋರ್ಟಿನ ಕೈಯಲ್ಲಿದೆ ಎಂದರು ಇನ್ಸ್‌ಪೆಕ್ಟರ್.

೩-೪೦ಕ್ಕೆ ದಸ್ತಗಿರಿಯಾಯಿತು. “ನನ್ ಕರ್ಕೊಂಡೋಗಿ ಸಾಮಿ,” ಎಂದಳು ಪಾಪಕ್ಕ, “ಕೊಕ್ಕೆಯಿಂದ ಅದನ್ ಮಾತ್ರ ತೆಗೀಬ್ಯಾಡಿ.” ಠಾಣೆಯವರೆಗೆ ನೆರ್ಮಿನ್ ಅವಳ ಪಕ್ಕದಲ್ಲೇ ನಡೆದರು.

ಬಿಲ್ಲೆಯನ್ನು ಜಪ್ತಿ ಮಾಡದೆ ವಿಧಿಯಿರಲಿಲ್ಲ. ವೆಂಕಟರಾಯಪ್ಪ ಠಾಣೆಯಲ್ಲಿ ಕುಳಿತು ವರದಿ ಬರೆದರು: “ಕಾರಣ: ಗಂಡನನ್ನು ಮೇಲಕ್ಕೆ ತರುವುದು. ಜಪ್ತಿಯಾದ ಬಿಲ್ಲೆಯನ್ನು ಟೈಂ ಆಫೀಸಿನ ಗುಮಾಸ್ತರ ವಶಕ್ಕೆ ಕೊಡಲಾಗಿದೆ. ಇಟ್ಟಿರುವ ಸ್ಥಳ: ೪೧೭ನೆಯ ಕೊಕ್ಕೆ.”