ಮೂರು ಸೂಜಿ ತೂತು

ಭೂತಗನ್ನಡಿಗೆ ಐದನೇ ನಂಬರಿನ ಚೀಟಿ ಬಂತು. ಇದ್ದವರೇ ಐದು ಜನ, ಇದ್ದದ್ದೇ ಐದು ಕ್ಯಾಮರಾ. ಅಂದರೆ ಉಳಿದ ನಾಲ್ವರು ಬೇಡ ಎಂದು ಬಿಟ್ಟದ್ದು ಅವನ ಪಾಲಿಗೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಎಲ್ಲರ ಜೊತೆ ತಾನೂ ನಕ್ಕ. 

ಭೂತಗನ್ನಡಿ ಅವನ ಹೆಸರಲ್ಲ, ಕ್ಯಾಮರಾ ಸಂಘದವರು ಇಟ್ಟದ್ದು. ಪ್ರೀತಿಯಿಂದ ಇಟ್ಟಿದ್ದಾರೆ ಎಂದು ಅವನು ನಂಬಿದ್ದ, ಪಾಪ. ಪೇಟೆಯಲ್ಲಿ ಕನ್ನಡಕದ ಅಂಗಡಿ. ಯಾರು ಫೋಟೋ ತಂದು ತೋರಿಸಿದರೂ ಜೇಬಿನಿಂದ ಭೂತಗನ್ನಡಿ ತೆಗೆದು ಮೂಲೆಮೂಲೆಗೂ ಹಿಡಿದು, "ಇಲ್ನೋಡಿ, ಸ್ವಲ್ಪ ಮಸುಕು" ಎಂದು ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ. ನೀನು ತೆಗೆದ ಫೋಟೋ ತೋರಿಸಯ್ಯ ಅಂದರೆ ಸಾಕು, ಆಸಾಮಿಗೆ ತಕ್ಷಣ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿರುವುದು ನೆನಪಾಗುತ್ತಿತ್ತು.

ಸಂಘ ಕಟ್ಟಿದವರು ದೊಡ್ಡಪ್ಪ. ರಕ್ತಸಂಬಂಧ ಯಾರಿಗೂ ಇಲ್ಲ, ಆದರೂ ಎಲ್ಲರಿಗೂ ದೊಡ್ಡಪ್ಪ, ಅವರ ಹೆಂಡತಿ ಎಲ್ಲರಿಗೂ ದೊಡ್ಡಮ್ಮ. ದೊಡ್ಡಪ್ಪ ಎರಡು ವರ್ಷ ಹಾಸಿಗೆ ಹಿಡಿದಿದ್ದು ಹೋದ ತಿಂಗಳು ತೀರಿಕೊಂಡರು. ತಮ್ಮ ಐದು ಮಡಚುವ ಕ್ಯಾಮರಾಗಳನ್ನು ಸಂಘದ ಐವರು ಚೀಟಿ ಎತ್ತಿ, ಸರದಿಯಂತೆ ಒಂದೊಂದು ಆರಿಸಿಕೊಳ್ಳಲಿ ಎಂದು ಕಾಗದ ಬರೆದಿಟ್ಟಿದ್ದರು.

ಅದರಲ್ಲಿ ನಾಲ್ಕು ಪರವಾಗಿಲ್ಲ ಎನ್ನುವಂಥವು. ಐದನೆಯದರ ಮಾತೇ ಬೇರೆ. ಮಡಚಿದರೆ ಕೋಟಿನ ಜೇಬಿಗೆ ಹೋಗುತ್ತದೆ. ಗುಂಡಿ ಒತ್ತಿದರೆ ಟಕ್ಕನೆ ಬಾಗಿಲು ತೆರೆದು, ಕಪ್ಪು ಚರ್ಮದ ಬೆಲ್ಲೋಸ್ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು, ಲೆನ್ಸು ಮುಂದೆ ಬಂದು ನೆಟ್ಟಗೆ ನಿಲ್ಲುತ್ತದೆ. ಎಪ್ಪತ್ತು ವರ್ಷ ಹಳೆಯದು. ಲೆನ್ಸಿನಲ್ಲಿ ಒಂದು ಗೀರಿಲ್ಲ, ಬೂಷ್ಟಿಲ್ಲ. ಒಂದು ರೋಲಿಗೆ ಹನ್ನೆರಡೇ ಫೋಟೋ, ಒಂದೊಂದು ನೆಗೆಟಿವ್ ಬೆಂಕಿಪೊಟ್ಟಣಕ್ಕಿಂತ ದೊಡ್ಡದು. ಹದಿನಾಲ್ಕು ವರ್ಷದಿಂದ ಭೂತಗನ್ನಡಿ ಅದರ ಮೇಲೆ ಕಣ್ಣು ಹಾಕಿ ಕೂತಿದ್ದ. ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂ ಕೇಳಿದ್ದ. "ನಿನಗೆ ಬೇಕಾಗಿರೋದು ಕ್ಯಾಮರಾ ಕಣೋ, ಫೋಟೋ ಅಲ್ಲ" ಎಂದು ದೊಡ್ಡಪ್ಪ ಎಲ್ಲರೆದುರು ಅಂದುಬಿಟ್ಟರು. ಸಂಘವೇ ನಕ್ಕಿತು. ಹಲ್ಲಿನ ಡಾಕ್ಟರಂತೂ ಮೂವತ್ತೆರಡೂ ತೋರಿಸಿ ನಕ್ಕರು. ಆ ಡಾಕ್ಟರಿಗೇ ಈಗ ಒಂದನೇ ನಂಬರಿನ ಚೀಟಿ.

ಕದಿಯುವ ಯೋಚನೆ ಬರಲಿಲ್ಲ ಎಂದಲ್ಲ. ಬಂತು, ಅದನ್ನು ಅವನು ಮೂಗು ಮುರಿದು ಆಚೆ ಕಳಿಸಿದ. ಕದ್ದ ಕ್ಯಾಮರಾವನ್ನು ಬೀರುವಿನಲ್ಲಿಟ್ಟು ಪೂಜೆ ಮಾಡಬೇಕು, ನಾಲ್ಕು ಜನರೆದುರು ಹಿಡಿದು ಓಡಾಡುವ ಹಾಗಿಲ್ಲ. ಅವನಿಗೆ ಬೇಕಾದದ್ದು ಎಲ್ಲರೂ ತಾವಾಗಿ ಕೊಟ್ಟ ಕ್ಯಾಮರಾ. ಕೊಟ್ಟದ್ದಕ್ಕೆ ಅವರೇ ಅಯ್ಯೋ ಪಾಪ ಅನ್ನಬೇಕು. ಕೊನೆಯ ನಂಬರಿನವನಿಗೆ ಇರುವ ಏಕೈಕ ಸೌಲಭ್ಯ ಅದೇ ತಾನೆ? ಉಳಿದದ್ದು ಅವನಿಗೆ. ಹಾಗಾದರೆ ಅದನ್ನೇ ಉಳಿಯುವಂತೆ ಮಾಡಿದರಾಯಿತು.

ಹಳೆಯ ಮಡಚುವ ಕ್ಯಾಮರಾ ಆರಿಸುವವರು ಮೊದಲು ನೋಡುವುದು ಬೆಲ್ಲೋಸನ್ನು. ಕೋಣೆ ಕತ್ತಲು ಮಾಡಿ, ಬೆನ್ನಿನ ಮುಚ್ಚಳ ತೆಗೆದು, ಒಳಗೆ ಟಾರ್ಚ್ ಹಿಡಿಯುತ್ತಾರೆ. ಚರ್ಮದಲ್ಲಿ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡಿತೋ, ಮುಗಿಯಿತು ಕತೆ. ಆ ಚುಕ್ಕಿಯಿಂದ ನುಗ್ಗುವ ಬೆಳಕು ಫಿಲ್ಮಿನ ಮೇಲೆ ಬಿದ್ದು ಫೋಟೋ ಹಾಳು. ಹೊಸ ಬೆಲ್ಲೋಸ್ ಹಾಕುವವರು ಸುತ್ತಮುತ್ತ ಯಾರೂ ಇಲ್ಲ. ಸೂಜಿಮೊನೆಯ ತೂತನ್ನು ಕಪ್ಪು ರಬ್ಬರ್ ಬಣ್ಣದ ಒಂದು ತೊಟ್ಟಿಟ್ಟು ಹತ್ತು ನಿಮಿಷದಲ್ಲಿ ಮುಚ್ಚಬಹುದು ಎನ್ನುವುದು ಗೊತ್ತಿದ್ದವನು ಭೂತಗನ್ನಡಿ ಒಬ್ಬನೇ. ಗೊತ್ತಿದ್ದದ್ದನ್ನು ಅವನು ಯಾವತ್ತೂ ಯಾರಿಗೂ ಹೇಳಿಕೊಟ್ಟವನಲ್ಲ.

ದೊಡ್ಡಮ್ಮನ ಹತ್ತಿರ ಹೋಗಿ ಅವನೇ ಪ್ರಸ್ತಾಪ ಮಾಡಿದ. "ಯಾರಿಗೂ ಮೋಸ ಆಗಬಾರದು ದೊಡ್ಡಮ್ಮ. ನಾನೊಂದು ದಿನ ಬಂದು, ಯಾವುದರಲ್ಲಿ ಏನು ಕೊರತೆ ಇದೆ ಅಂತ ಪಟ್ಟಿ ಮಾಡಿಕೊಡ್ತೀನಿ." ಮೋಸ ಎನ್ನುವ ಮಾತು ಹೇಳುವಾಗ ಅವನು ನಿಜಕ್ಕೂ ಕಣ್ಣೊರೆಸಿಕೊಂಡ. ತನ್ನ ಮಾತು ತನಗೇ ನಾಟುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

"ಭಾನುವಾರ ಮಧ್ಯಾಹ್ನ ಬಾರಪ್ಪ" ಎಂದರು ದೊಡ್ಡಮ್ಮ.

ಹೆಂಡತಿಯ ಹೊಲಿಗೆ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ಆರಿಸಿ ಷರ್ಟಿನ ಕಾಲರಿನೊಳಗೆ ಸಿಕ್ಕಿಸಿಕೊಂಡು ಹೋದ. ಊಟದ ಮೇಜಿನ ಮೇಲೆ ಟವೆಲ್ ಹಾಸಿ ಐದನ್ನೂ ಸಾಲಾಗಿ ಇಟ್ಟಿದ್ದರು. ದೊಡ್ಡಮ್ಮ ಟೀ ಮಾಡಲು ಒಳಗೆ ಹೋದರು. ನಾಲ್ಕರ ಬೆನ್ನು ತೆಗೆದು, ಟಾರ್ಚ್ ಹಿಡಿದು, ಕೆಮ್ಮಿ, ಗೊಣಗಿ, ಶಾಸ್ತ್ರೋಕ್ತವಾಗಿ ಪಟ್ಟಿ ಬರೆದ. ಐದನೆಯದನ್ನು ಕೈಗೆತ್ತಿಕೊಂಡು, ಗುಂಡಿ ಒತ್ತಿ ಬೆಲ್ಲೋಸ್ ಬಿಚ್ಚಿದ. ಚರ್ಮ ತಾನಾಗಿ ಸವೆಯುವುದು ಮಡಿಕೆಯ ಮೂಲೆಗಳಲ್ಲಿ, ಆದ್ದರಿಂದ ಚುಚ್ಚಿದ್ದೂ ಅಲ್ಲೇ. ಮೇಲೆರಡು, ಕೆಳಗೊಂದು. ಸೂಜಿಯನ್ನು ಸ್ವಲ್ಪ ತಿರುಚಿ ಅಂಚು ಒರಟು ಮಾಡಿದ. ಕಿಟಕಿ ಸರಳಿನ ಧೂಳು ಬೆರಳಿಗೆ ತೆಗೆದು ಸವರಿದ, ಹೊಸ ಗಾಯ ಹಳೆಯದಾಗಿ ಕಾಣಬೇಕಲ್ಲ. ಆಮೇಲೆ ಅದನ್ನು ಬೆಳಕಿಗೆ ಹಿಡಿದು, ಬೆಲ್ಲೋಸ್ ಬಿಚ್ಚಿಟ್ಟುಕೊಂಡೇ, ತನ್ನ ಕೈಚಳಕವನ್ನು ತಾನೇ ನೋಡಿ ನೋಡಿ ಮೆಚ್ಚಿಕೊಂಡ. ಇದರ ಬೆನ್ನು ತೆಗೆಯಲಿಲ್ಲ. ತೂತು ಮಾಡಿದವನೇ ತೂತೆಲ್ಲಿ ಎಂದು ಟಾರ್ಚ್ ಹಿಡಿದು ಹುಡುಕುವ ಕರ್ಮ ಯಾಕೆ?

ಟೀ ಕುಡಿದು, ಎರಡು ಬಿಸ್ಕತ್ತು ತಿಂದು, ದೊಡ್ಡಪ್ಪನ ಗುಣಗಾನ ಮಾಡಿ, ಛತ್ರಿ ಬೀಸುತ್ತಾ ಗೇಟು ದಾಟಿದ. ಸೂಜಿ ಮತ್ತೆ ಹೊಲಿಗೆ ಡಬ್ಬಿ ಸೇರಿತು. ಸಾಕ್ಷಿ ಎನ್ನುವುದು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ಐವರೂ ಸೇರಿದರು. ಪರದೆ ಎಳೆದರು, ಟಾರ್ಚ್ ಬಂತು. ಭೂತಗನ್ನಡಿ ಪಟ್ಟಿ ಓದಿದ. ಆ ಕ್ಯಾಮರಾದ ಸರದಿ ಬಂದಾಗ ದನಿ ಇಳಿಸಿ, ಸತ್ತವರ ಸುದ್ದಿ ಹೇಳುವವನ ಹಾಗೆ ಹೇಳಿದ. ಹಲ್ಲಿನ ಡಾಕ್ಟರು ಅದರೊಳಗೆ ಟಾರ್ಚ್ ಬಿಟ್ಟು ನೋಡಿ, ಮೂರು ಚುಕ್ಕಿ ಎಣಿಸಿ, "ಇದು ಕೀಳಿಸೋ ಕೇಸು" ಎಂದು ಕೆಳಗಿಟ್ಟು, ಪಕ್ಕದ್ದನ್ನು ಎತ್ತಿಕೊಂಡರು. ಬಸ್ ಡ್ರೈವರ್ ಅದರ ಕಡೆ ತಿರುಗಿಯೂ ನೋಡದೆ ಇನ್ನೊಂದು ಹಿಡಿದ. ಮೂರನೆಯವಳು ಎಕ್ಸ್‌ರೇ ಅಕ್ಕ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಉದ್ಯೋಗ, ಸಂಘದವರ ಫಿಲ್ಮ್ ತೊಳೆದು ಪ್ರಿಂಟ್ ಹಾಕಿಕೊಡುವುದು ಅವಳ ಹುಚ್ಚು. ಅವಳು ಮಾತ್ರ ಆ ಬೆಲ್ಲೋಸನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಈ ತೂತು ಎಷ್ಟು ಹಳೇದು ಅಂದ್ರಿ?"

"ಎರಡು ವರ್ಷದ್ದಾದರೂ ಇರಬೇಕಮ್ಮ. ದೊಡ್ಡಪ್ಪ ಮಲಗಿದಾಗಿನಿಂದ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಬಳಸದಿದ್ರೆ ಚರ್ಮ ಒಣಗಿ ಹೀಗೇ ಆಗೋದು. ಬೇಕಿದ್ರೆ ಬರೆದುಕೊಡ್ತೀನಿ" ಎಂದ ಭೂತಗನ್ನಡಿ, ಪಂಡಿತನ ಗತ್ತಿನಲ್ಲಿ.

"ಬರೆದಿದ್ದೀರಲ್ಲ, ಪಟ್ಟಿಯಲ್ಲೇ ಇದೆ" ಎಂದು ಅವಳು ಬೇರೊಂದನ್ನು ಆರಿಸಿಕೊಂಡಳು. ನಾಲ್ಕನೆಯವರು ಡ್ರಾಯಿಂಗ್ ಮೇಡಂ. ಅವರೂ ಚೆನ್ನಾಗಿರುವುದನ್ನೇ ಹಿಡಿದರು. ಟವೆಲ್ಲಿನ ಮೇಲೆ ಒಂದೇ ಒಂದು ಉಳಿಯಿತು.

ಭೂತಗನ್ನಡಿ ಒಂದು ನಿಟ್ಟುಸಿರು ಬಿಟ್ಟ. ಅದನ್ನು ಅವನು ವಾರವಿಡೀ ಅಂಗಡಿಯ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ. "ಇರಲಿ ಬಿಡಿ, ದೊಡ್ಡಪ್ಪನ ನೆನಪಿಗೆ ಬೀರುವಿನಲ್ಲಿ ಇರುತ್ತೆ" ಎಂದ. ಬಸ್ ಡ್ರೈವರ್ ಅಯ್ಯೋ ಪಾಪ ಎಂದು ಬೆನ್ನು ತಟ್ಟಿದ. ಡಾಕ್ಟರು ತಮ್ಮ ಅಂದಿನ ನಗುವಿಗೆ ಪ್ರಾಯಶ್ಚಿತ್ತವೆಂಬಂತೆ ಕೈ ಕುಲುಕಿದರು. ಪರದೆ ಸರಿಸಿದರು, ಟೀ ಬಂತು. ಕ್ಯಾಮರಾ ಅವನ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಜನ್ಮ ಸಾರ್ಥಕವಾಯಿತು ಎಂದುಕೊಂಡ.

ಎಕ್ಸ್‌ರೇ ಅಕ್ಕ ಚೀಲದಿಂದ ಒಂದು ಲಕೋಟೆ ತೆಗೆದು ಹನ್ನೆರಡು ಪ್ರಿಂಟುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ದೊಡ್ಡಪ್ಪ ತೆಗೆದ ಕೊನೆಯ ಫೋಟೋಗಳಂತೆ. ಹಾಸಿಗೆಯಿಂದ ಕಂಡ ಕಿಟಕಿ, ಕಿಟಕಿಯಾಚೆ ತಂತಿ, ಔಷಧಿ ಬಾಟಲಿ, ಕನ್ನಡಕ ಮೂಗಿಗಿಳಿಸಿ ತರಕಾರಿ ಹೆಚ್ಚುತ್ತಿರುವ ದೊಡ್ಡಮ್ಮ. ಒಂಬತ್ತನೆಯದರಲ್ಲಿ ಬೆಕ್ಕು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು. ಹತ್ತನೆಯದರಲ್ಲಿ ಯಾರೋ ಛತ್ರಿ ಬೀಸುತ್ತಾ ಗೇಟು ದಾಟುತ್ತಿದ್ದ. ಭೂತಗನ್ನಡಿ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ತನ್ನ ಕನ್ನಡಿ ತೆಗೆದ. "ಇಲ್ಲಿ ಮೂರು ಬಿಳಿ ಕಲೆ ಬಂದಿದೆ ನೋಡಿ" ಎಂದ. ಹನ್ನೊಂದು, ಹನ್ನೆರಡರಲ್ಲೂ ಅದೇ ಮೂರು ಕಲೆ ಇದ್ದವು. ಒಂಬತ್ತರವರೆಗೆ ಒಂದೂ ಇರಲಿಲ್ಲ. ಛತ್ರಿ ಬೀಸುತ್ತಿದ್ದವನ ಬೆನ್ನು ಯಾರದೆಂದು ಅವನಿಗೆ ಆಗ ಗುರುತು ಸಿಕ್ಕಿತು.

"ನಾಲ್ಕು ಫೋಟೋ ಬಾಕಿ ಇದೆ, ನೀನೇ ಮುಗಿಸು ಅಂತ ನಿಮ್ಮ ದೊಡ್ಡಪ್ಪ ಅಂದಿದ್ರು" ಎಂದರು ದೊಡ್ಡಮ್ಮ. "ಹೋದ ಭಾನುವಾರ ಬೆಳಿಗ್ಗೆ ಬೆಕ್ಕಿನದು ತೆಗೆದೆ. ಮಧ್ಯಾಹ್ನ ನೀನು ಹೊರಟಾಗ ನಿನ್ನದು. ಆಮೇಲೆ ಎರಡು ಸುಮ್ಮನೆ ಅಂಗಳದ್ದು ತೆಗೆದು, ರೋಲು ಬಿಚ್ಚಿ ಅಕ್ಕನ ಕೈಲಿ ಕೊಟ್ಟೆ." ಅಕ್ಕ ಲೋಟ ಕೆಳಗಿಟ್ಟಳು. "ಬೆಳಿಗ್ಗೆ ಇಲ್ಲದ ತೂತು ಮಧ್ಯಾಹ್ನಕ್ಕೆ ಬಂದಿದೆ. ನಡುವೆ ಮನೆಗೆ ಯಾರು ಬಂದಿದ್ರು ದೊಡ್ಡಮ್ಮ?" ದೊಡ್ಡಮ್ಮ ಭೂತಗನ್ನಡಿಯ ತೊಡೆಯ ಮೇಲಿದ್ದ ಕ್ಯಾಮರಾಗೆ ಕೈ ಚಾಚಿದರು, ಅಷ್ಟೆ. ಅವನು ಕೊಟ್ಟ. ಕೊಡುವಾಗ ಅದರ ಬೆನ್ನು ಅವನ ಕಡೆ ತಿರುಗಿತು. ಅಲ್ಲೊಂದು ಉಗುರಿನಗಲದ, ಎಷ್ಟನೇ ಫೋಟೋ ಎಂದು ತೋರಿಸುವ ಕೆಂಪು ಗಾಜಿನ ಕಿಂಡಿ, ಅದಕ್ಕೊಂದು ಪುಟ್ಟ ಮುಚ್ಚಳ. ಅವತ್ತು ಅದನ್ನು ಬೆರಳತುದಿಯಿಂದ ಒಂದಿಷ್ಟು ಸರಿಸಿದ್ದರೆ ಒಳಗೆ ಹತ್ತು ಎನ್ನುವ ಅಂಕಿ ಕಾಣುತ್ತಿತ್ತು. ಎರಡು ವರ್ಷದಿಂದ ಪೆಟ್ಟಿಗೆಯಲ್ಲೇ ಬಿದ್ದಿತ್ತು ಎಂದು ಅವನು ಕೈಯಾರೆ ಬರೆದುಕೊಟ್ಟ ಆ ಕ್ಯಾಮರಾದಲ್ಲಿ, ಅವನು ಸೂಜಿ ಚುಚ್ಚುತ್ತಿದ್ದಾಗ, ಫಿಲ್ಮ್ ಇತ್ತು.