ಮಾಸ್ಕ್ ಇಳಿಸಿ ಮೂಸಿದ ಮಲ್ಲಿಗೆ

“ಏ ಕಿಟಕಿ ಬದಿಯವ್ರೇ! ಮಾಸ್ಕ್ ಇರೂದು ಗಡ್ಡ ಮುಚ್ಚೂಕಲ್ಲ. ಮೂಗಿನ ಮೇಲೆ ಏರ್ಸಿ!”

ಕಂಡಕ್ಟರ್ ಅಂಕಿತಾಳ ಕೂಗಿಗೆ ಭಟ್ಕಳ–ಕುಮಟಾ ಬಸ್ಸಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮೂಗು ಮುಟ್ಟಿ ನೋಡಿಕೊಂಡರು. ಕೊರೊನಾ ಕಾಲ. ಲಾಕ್‌ಡೌನ್ ಮುಗಿದು ಬಸ್ಸು ಮತ್ತೆ ಶುರುವಾದದ್ದಷ್ಟೇ. ಮಾಸ್ಕ್ ಇಲ್ಲದವರು ಸಿಕ್ಕಿಬಿದ್ದರೆ ಬೈಸಿಕೊಳ್ಳುವವಳು ಅವಳೇ.

ಆ ಕಿಟಕಿ ಬದಿಯ ಹುಡುಗನಿಗೆ ಮಾತ್ರ ಲೋಕದ ಖಬರೇ ಇರಲಿಲ್ಲ. ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಅದಕ್ಕೆ ಮೂಗು ತಾಗಿಸಿ, ಕಣ್ಣು ಮುಚ್ಚಿ, ಉಸಿರೆಳೆಯುತ್ತ ಕೂತಿದ್ದ!

ಅಂಕಿತಾ ಹತ್ತಿರ ಹೋಗಿ ಕಂಬಿ ಬಡಿದಳು. ಅವನು ಕಣ್ಣು ಬಿಟ್ಟ... ಅಯ್ಯೋ, ಎಂಥಾ ಕಣ್ಣು! ಬೈಯಬೇಕೆಂದಿದ್ದವಳು ಟಿಕೆಟ್ ಹರಿಯಲು ಹೊರಟಳು.

“ತಪ್ಪಾಯ್ತು ಮೇಡಂ,” ಎಂದು ಮಾಸ್ಕ್ ಏರಿಸಿದ. “ಕುಮಟಾಕ್ಕೆ ಒಂದು.”

ಹೆಸರು ಸಂದೇಶ. ದಿನಾ ಮುರ್ಡೇಶ್ವರದಲ್ಲಿ ಹತ್ತುತ್ತಾನೆ, ಕುಮಟೆಯ ಒಂದು ಹೋಟೆಲಲ್ಲಿ ಅಡುಗೆ ಕೆಲಸ. ಇಷ್ಟನ್ನು ಅವಳು ಮೆಲ್ಲಗೆ ಕೇಳಿ ತಿಳಿದುಕೊಳ್ಳುವುದರೊಳಗೆ ಮನಸ್ಸು ಕೈತಪ್ಪಿ ಹೋಗಿತ್ತು. ಅವನೂ ಇಳಿಯುವಾಗ ತಿರುಗಿ ನೋಡದೆ ಇಳಿದವನಲ್ಲ.

“ತಂಗೀ, ಇವತ್ತು ನೀ ಅವನಿಗೆ ಎರಡೆರಡು ಸಲ ಟಿಕೆಟ್ ಕೊಟ್ಟೆ,” ಎಂದು ಡ್ರೈವರ್ ಗಣಪಣ್ಣ ಕಾಲೆಳೆದದ್ದೂ ಆಯಿತು.

ಆದರೆ ಆ ಹಾಳು ಮಲ್ಲಿಗೆ! ದಿನಾ ಹೊನ್ನಾವರ ಸೇತುವೆ ದಾಟಿತೆಂದರೆ ಮಾಸ್ಕ್ ಕೆಳಗೆ, ಹೂವು ಮೂಗಿಗೆ. ಮದುವೆಯಾಗದ ಗಂಡಸು ದಿನಾ ಹೂವು ಒಯ್ಯುವುದು ಯಾರಿಗೆ? ಕಣ್ಣು ಮುಚ್ಚಿ ಮೂಸುವುದು ಯಾರನ್ನು ನೆನೆದು?

‘ಯಾರವಳು? ನನಗಿಂತ ಚೆಂದ ಇದ್ದಾಳಾ?’

ಕೊನೆಗೊಂದು ದಿನ ತಡೆಯಲಾರದೆ, ಚಹಾದ ನೆಪ ಮಾಡಿಕೊಂಡು ಅವನ ಹೋಟೆಲಿಗೇ ಹೋದಳು. ಅಡುಗೆಮನೆ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ತುರುಬಲ್ಲಿ ಅದೇ ಮಲ್ಲಿಗೆ! ಸಂದೇಶ ಸೌಟನ್ನು ಅವಳ ಮೂಗಿನ ಹತ್ತಿರ ಹಿಡಿದ. ಅವಳು ಮಾಸ್ಕ್ ಇಳಿಸಿ ಮೂಸಿ, ಏನೋ ಹೇಳಿ ನಕ್ಕಳು. ಅವನೂ ನಕ್ಕ.

ಅಂಕಿತಾ ಚಹಾ ಮುಟ್ಟದೆ ಹೊರಬಂದಳು. ‘ನನಗೆ ಸಿಕ್ಕಿದ್ದು ಅವನ ಬರೀ ಎರಡು ಕಣ್ಣು. ಅವಳಿಗೆ ಹೂವು, ನಗು, ಸೌಟು... ಎಲ್ಲ! ಸೌಟಿನ ಮೇಲೂ ಹೊಟ್ಟೆಕಿಚ್ಚು ಪಡುವ ಹಾಗಾಯ್ತಲ್ಲ ನನ್ನ ಬಾಳು!’

ಮರುದಿನ ಬಸ್ಸು ಸೇತುವೆ ದಾಟಿತು. ಮಾಸ್ಕ್ ಇಳಿಯಿತು. ಅಂಕಿತಾ ಸೀಟಿ ಊದಿದಳು.

“ಇಳೀರಿ!”

“ಮೇಡಂ, ಒಂದೇ ನಿಮಿಷ...”

“ಎಷ್ಟು ಸಲ ಹೇಳೂದು? ಮೂಸೂದಿದ್ರೆ ಅವಳ ಎದುರು ಹೋಗಿ ಮೂಸಿ. ನನ್ನ ಬಸ್ಸಲ್ಲಿ ಬೇಡ!”

“ಅವಳಾ? ಯಾರು?”

ಅಂಕಿತಾ ಬಾಗಿಲು ತೆರೆದು ಹಿಡಿದಳು. ಅವನು ಬಿಸಿಲಲ್ಲಿ, ಹೈವೇ ಬದಿಯಲ್ಲಿ ಇಳಿದು ನಿಂತ. ಅಂಕಿತಾಳ ಮಾಸ್ಕ್ ಒಳಗಿಂದಲೇ ಒದ್ದೆಯಾಯಿತು. ಯಾರಿಗೂ ಕಾಣಲಿಲ್ಲ, ಅದೊಂದು ಪುಣ್ಯ.

ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಆ ಹೆಂಗಸೇ ಓಡಿಬಂದಳು!

“ತಂಗೀ, ಸಂದೇಶ ಬರ್ಲಿಲ್ವಾ? ಫೋನೂ ಎತ್ತೂದಿಲ್ಲ.”

“ನಿಮ್ಮವರನ್ನ ನಾನೇ ಹಾದೀಲಿ ಇಳ್ಸಿದೆ. ಮಾಸ್ಕ್ ಹಾಕೂದಿಲ್ಲ ಅವ್ರು.”

“ನಮ್ಮವರಾ!” ಅವಳು ಸೊಂಟದ ಮೇಲೆ ಕೈಯಿಟ್ಟಳು. “ನಮ್ಮವರು ಮನೇಲಿ ದನಕ್ಕೆ ಹುಲ್ಲು ಹಾಕ್ತಾ ಇದ್ದಾರೆ ಮಾರಾಯ್ತಿ! ನಾನು ವಿನುತಾ, ಹೋಟೆಲ್ ಕೌಂಟರಲ್ಲಿ ಕೂರೂದು. ಇವ ನನ್ನ ತಮ್ಮ ಇದ್ದ ಹಾಗೆ.”

ಆಮೇಲೆ ದನಿ ತಗ್ಗಿಸಿದಳು. “ಯಾರಿಗೂ ಹೇಳ್ಬೇಡ. ಕೊರೊನಾ ಬಂದು ಹೋದ ಮೇಲೆ ಅವನಿಗೆ ವಾಸನೆಯೇ ತಿಳಿಯೂದಿಲ್ಲ. ಹೋಟೆಲ್ ಯಜಮಾನರಿಗೆ ಗೊತ್ತಾದ್ರೆ ಅಡುಗೆ ಕೆಲಸ ಹೋತು! ಒಗ್ಗರಣೆ ಸೀದ್ರೆ ಮೂಸಿ ಹೇಳೂದು ನಾನು. ದಿನಾ ಪರಿಮಳ ಮೂಸು ಅಂದ್ರಂತೆ ಡಾಕ್ಟ್ರು, ಅದಕ್ಕೇ ಮಲ್ಲಿಗೆ. ಬಿಸಾಡೂದು ಎಂತಕ್ಕೆ ಅಂತ ಆಮೇಲೆ ನಾ ಮುಡೀತೆ.”

‘ಅಯ್ಯೋ, ಎಂಥಾ ಪಾಪಿ ನಾನು!’ ಅಂಕಿತಾ ಬಸ್ಸು ಬಂದ ದಾರಿಯತ್ತ ತಿರುಗಿ ನೋಡಿದಳು.

ಮರುದಿನ ಮುರ್ಡೇಶ್ವರ ಬರುವವರೆಗೆ ಅವಳ ಜೀವ ಜೀವದಲ್ಲಿರಲಿಲ್ಲ. ಅವನು ಹತ್ತುತ್ತಾನೋ ಇಲ್ಲವೋ?

ಹತ್ತಿದ. ಮಾಸ್ಕ್ ಕಣ್ಣಿನ ತನಕ ಏರಿತ್ತು. ಸೇತುವೆ ದಾಟಿದರೂ ಮಲ್ಲಿಗೆ ಮಡಿಲಲ್ಲೇ ಇತ್ತು.

“ಇವತ್ತು ಮೂಸೂದಿಲ್ವಾ?” ಮೆಲ್ಲಗೆ ಕೇಳಿದಳು.

“ಬೇಡ ಮೇಡಂ. ಮತ್ತೆ ನಡೆಯೂಕೆ ತ್ರಾಣ ಇಲ್ಲ.”

“ವಿನುತಕ್ಕ ಎಲ್ಲ ಹೇಳಿದ್ರು... ನಿನ್ನೆಯದು ಮಾಸ್ಕಿನ ಸಿಟ್ಟಲ್ಲ. ಹೊಟ್ಟೆಕಿಚ್ಚು!” ಹೇಳಿಯೇ ಬಿಟ್ಟಳು. “ಆ ಹೂವು ಬೇರೆಯವಳ ತಲೇಲಿ ನೋಡಿ ತಡ್ಕೊಳ್ಳೂಕೆ ಆಗ್ಲಿಲ್ಲ.”

ಅವನು ಮಡಿಲಲ್ಲಿದ್ದ ಮಲ್ಲಿಗೆಯನ್ನು ಕೈಗೆತ್ತಿಕೊಂಡ.

“ಮನೇಲಿ ಬೈಕ್ ಉಂಟು ಅಂಕಿತಾ. ಆದ್ರೂ ದಿನಾ ನಾ ಈ ಬಸ್ಸನ್ನೇ ಕಾಯ್ತೆ. ಎಂತಕ್ಕೆ ಅಂದ್ಕಂಡೆ?”

ಮೇಡಂ ಹೋಗಿ ಅಂಕಿತಾ ಆಗಿದ್ದಳು!

“ಮತ್ತೆ ನಂಗೆ ಎಂತಕ್ಕೆ ಒಂದು ದಿನನೂ ಹೂವು ಕೊಡ್ಲಿಲ್ಲ?”

“ಮೂಸಿದ ಹೂವನ್ನ ದೇವರಿಗೇ ಏರ್ಸೂದಿಲ್ಲ. ನಿಂಗೆ ಹ್ಯಾಂಗೆ ಕೊಡ್ಲಿ? ನಾಳೆ ಬೇರೆ ತರ್ತೆ, ಮೂಗಿಗೆ ತಾಗಿಸದ್ದು.”

ಅಂಕಿತಾ ಸುತ್ತ ನೋಡಿದಳು. ಅರ್ಧ ಬಸ್ಸು ನಿದ್ದೆಯಲ್ಲಿತ್ತು.

“ಮಾಸ್ಕ್ ಇಳ್ಸು,” ಅಂದಳು. “ಮೂಸು.”

ಅವನು ಮೂಸಿದ. ಕಣ್ಣು ತೆರೆದು, ಇಲ್ಲ ಎಂದು ತಲೆಯಾಡಿಸಿದ. ಆ ಕಣ್ಣಲ್ಲಿ ನೀರಿತ್ತು.

ಅವಳು ಕೈ ಚಾಚಿದಳು. “ಈಗ ಕೊಡು.”

“ಇದು ಮೂಸಿದ್ದು ಮಾರಾಯ್ತಿ!”

“ನಂಗೆ ಅದೇ ಬೇಕು.”